ಐಬಿಡಿ ಆರೈಕೆ: ವರದಿ ಬಂದ ದಿನ ಅದನ್ನು ನೋಡುವವರು ಯಾರು?

ಐಬಿಡಿ ಅಂದರೆ ಕರುಳಿನ ದೀರ್ಘಕಾಲದ ಉರಿಯೂತ, ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದ ಕಾಯಿಲೆ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರುತ್ತದೆ, ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಇವನ್ನು ನೋಡಿಕೊಳ್ಳುವ ತಂಡದ ಪಟ್ಟಿ ಎಲ್ಲರಿಗೂ ಬಾಯಿಪಾಠ: ಗ್ಯಾಸ್ಟ್ರೋ ತಜ್ಞರು, ಸರ್ಜನ್, ನರ್ಸ್, ಡಯಟೀಷಿಯನ್, ಫಾರ್ಮಸಿಸ್ಟ್, ಆಪ್ತಸಮಾಲೋಚಕರು. ತಪ್ಪುವುದು ಪಟ್ಟಿಯಲ್ಲಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ನಡುವೆ.

ರೋಗನಿರೋಧಕ ಶಕ್ತಿ ತಗ್ಗಿಸಿ ಉರಿಯೂತ ಹಿಡಿತದಲ್ಲಿಡುವ ಅಜಾಥಯೋಪ್ರಿನ್ ಮಾತ್ರೆ ನೋಡಿ. ಕೆಜಿಗೆ ದಿನಕ್ಕೆ 2–2.5 ಮಿ.ಗ್ರಾಂ, ಸಕಲೇಶಪುರದ ಕಾಫಿ ತೋಟದ 50 ಕೆಜಿಯ ಹೆಂಗಸಿಗೆ 100–125 ಮಿ.ಗ್ರಾಂ. 2, 4, 8, 12ನೇ ವಾರ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಆಮೇಲೆ 3 ತಿಂಗಳಿಗೊಮ್ಮೆ. ರಕ್ತವನ್ನು ಊರಲ್ಲೇ ಕೊಡಬಹುದು, ಹಾಸನಕ್ಕೆ ಬರಬೇಕಿಲ್ಲ. ಆದರೆ ವರದಿ ಮುಂದಿನ ಭೇಟಿವರೆಗೆ ಚೀಲದಲ್ಲೇ ಉಳಿದರೆ ಪರೀಕ್ಷೆ ಮಾಡಿಸಿಯೂ ದಂಡ. ಬಿಳಿಕಣ 3,500ಕ್ಕಿಂತ ಇಳಿದಿದ್ದರೆ ಅಂದೇ ಡಾಕ್ಟರಿಗೆ ಫೋನ್ ಹೋಗಬೇಕು. ಆ ಫೋನ್ ಯಾರದೆಂದು ಫೈಲಿನ ಮೊದಲ ಪುಟದಲ್ಲಿ ಹೆಸರು ಬರೆದಿರಲಿ. ಮೊದಲ ವಾರಗಳಲ್ಲೇ ಕೂದಲು ಹಿಡಿಹಿಡಿಯಾಗಿ ಉದುರಿದರೆ ದೇಹ ಈ ಔಷಧಿಯನ್ನು ನಿಭಾಯಿಸಲು ಬೇಕಾದ ಎನ್‌ಯುಡಿಟಿ15 ವಂಶವಾಹಿಯಲ್ಲಿ ದೋಷವಿರಬಹುದು. ಇದು ಏಷ್ಯಾದವರಲ್ಲಿ ಹೆಚ್ಚು; ಇದೇ ಕೆಲಸದ ಇನ್ನೊಂದು ಕಿಣ್ವ ಟಿಪಿಎಂಟಿ ನಾರ್ಮಲ್ ಅಂತ ನೆಮ್ಮದಿಯಾಗಿರಬೇಡಿ. ಗೌಟ್‌ಗೆ (ಯೂರಿಕ್ ಆಮ್ಲದ ಕೀಲುನೋವು) ಬೇರೆ ಡಾಕ್ಟರು ಕೊಟ್ಟ ಅಲೋಪ್ಯುರಿನಾಲ್ ಜೊತೆ ಸೇರಿದರೆ ಬಿಳಿಕಣ ಪಾತಾಳಕ್ಕೆ. ಇದನ್ನು ಮೊದಲು ಹಿಡಿಯಬಲ್ಲವರು ಫಾರ್ಮಸಿಸ್ಟ್.

ತೀವ್ರ ಕೊಲೈಟಿಸ್: ದಿನಕ್ಕೆ 6 ಅಥವಾ ಹೆಚ್ಚು ಬಾರಿ ರಕ್ತಭೇದಿ, ಜೊತೆಗೆ ನಾಡಿ 90 ದಾಟಿದ್ದು, ಜ್ವರ 37.8 ಡಿಗ್ರಿ ಸೆಲ್ಸಿಯಸ್ ಮೀರಿದ್ದು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ 30 ಮೀರಿದ್ದು, ಇವುಗಳಲ್ಲಿ ಒಂದಿದ್ದರೂ ಅಡ್ಮಿಟ್. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ 100 ಮಿ.ಗ್ರಾಂ 6 ಗಂಟೆಗೊಮ್ಮೆ ರಕ್ತನಾಳಕ್ಕೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಬೇಡ, ಕರುಳು ಉಬ್ಬಿ ಒಡೆಯಬಹುದು. ರಕ್ತ ಹೋಗುತ್ತಿದ್ದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಈ ಕಾಯಿಲೆಯಲ್ಲಿ ಜಾಸ್ತಿ.

ರಾತ್ರಿಯದನ್ನೂ ಸೇರಿಸಿ ಎಣಿಸಿದ ನರ್ಸ್ ಚಾರ್ಟೇ 3ನೇ ದಿನದ ತೀರ್ಪು: 8ಕ್ಕಿಂತ ಹೆಚ್ಚು ಭೇದಿ, ಅಥವಾ 3–8 ಆದರೂ ಸಿಆರ್‌ಪಿ (ಉರಿಯೂತದ ಇನ್ನೊಂದು ರಕ್ತಪರೀಕ್ಷೆ) 45 ಮೀರಿದ್ದರೆ ಸ್ಟೀರಾಯ್ಡ್ ಸೋತಂತೆಯೇ. ಮುಂದಿನ ದಾರಿ ಇನ್ಫ್ಲಿಕ್ಸಿಮ್ಯಾಬ್, ಸೈಕ್ಲೋಸ್ಪೊರಿನ್ (ಎರಡೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ) ಅಥವಾ ಆಪರೇಷನ್. ಸರ್ಜನ್ ಮೊದಲ ದಿನವೇ ನೋಡಿರಬೇಕು. ಬೆಂಗಳೂರಿಗೆ ಕಳಿಸುವುದಿದ್ದರೂ ಆಗಲೇ ಕಳಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ನಂಬಿ ಮಂಗಳೂರು ಅನ್ನಬೇಡಿ.

ಇನ್ಫ್ಲಿಕ್ಸಿಮ್ಯಾಬ್‌ಗೆ ಮುಂಚೆ ಟಿಬಿ ಪರೀಕ್ಷೆ ಕಡ್ಡಾಯ. ಸ್ಟೀರಾಯ್ಡ್ ಶುರುವಾದ ಮೇಲೆ ಮಾಂಟೂ (ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ) ಸುಳ್ಳು ಹೇಳಬಹುದು, ಸಾಧ್ಯವಾದರೆ ಮೊದಲೇ ಮಾಡಿಸಿ.

ಊಟದಲ್ಲಿ ಮುದ್ದೆ ಬಿಡಿಸುವ ಅಗತ್ಯ ಎಲ್ಲರಿಗೂ ಇಲ್ಲ. ಕರುಳು ಕಿರಿದಾಗಿದ್ದವರಿಗೆ ಮಾತ್ರ ಹಲಸಿನ ತೊಳೆ, ನುಗ್ಗೆಕಾಯಿ ಸಿಪ್ಪೆ, ಸೊಪ್ಪಿನ ದಂಟು ಬೇಡ.

ಸ್ಟೋಮಾ, ಅಂದರೆ ಮಲ ಚೀಲಕ್ಕೆ ಬರಲು ಹೊಟ್ಟೆಯ ಮೇಲೆ ಮಾಡುವ ದ್ವಾರ; ಅದರ ಜಾಗ ಗುರುತಿಸುವುದು ಆಪರೇಷನ್‌ಗೆ ಮುಂಚೆ. ಮಲಗಿಸಿ ಗುರುತು ಹಾಕಿದರೆ ಸಾಲದು. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ. ಸೀರೆ ನೆರಿಗೆ, ಪಂಚೆ ಕಟ್ಟು ಬೀಳುವ ಗೆರೆಯಲ್ಲಿ ಚೀಲ ಬಂದರೆ ದಿನವೂ ಸೋರುತ್ತದೆ.