ನಾಯ್ಸ್ ನಡುವೆ ಮಾಡ್ಯುಲೇಷನ್ ಪತ್ತೆ ಹಚ್ಚುವ ಕಥೆ

ಎಲ್ಲಿಂದಲೋ ಬಂದ ಡಿಜಿಟಲ್ ಸಿಗ್ನಲ್ ರಿಸೀವರ್‌ಗೆ ಸಿಕ್ಕಿದೆ. ಅದರಲ್ಲಿರುವ ಬಿಟ್‌ಗಳನ್ನು ಓದಬೇಕಾದರೆ, ಅವನ್ನು ಅಲೆಯ ಮೇಲೆ ಹೇಗೆ ಕೂರಿಸಿದ್ದಾರೆ ಅಂತ ಮೊದಲು ತಿಳಿಯಬೇಕು. ಅದೇ ಮಾಡ್ಯುಲೇಷನ್. ಕಳಿಸಿದವರು ಹೇಳಿಲ್ಲ, ಜೊತೆಗೆ ನಾಯ್ಸ್ (ಸಿಗ್ನಲ್‌ಗೆ ಬೆರೆತ ಗದ್ದಲ) ಬೇರೆ.

ಮೊದಮೊದಲು ಇದು ಆಪರೇಟರ್‌ಗಳ ಕೆಲಸ. ಹೆಡ್‌ಫೋನ್‌ನಲ್ಲಿ ಕೇಳಿ, ಪರದೆಯ ಮೇಲೆ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಎಂಬ ಚಿತ್ರ) ನೋಡಿ ಅನುಭವದಿಂದ ಹೇಳುತ್ತಿದ್ದರು. 1984ರಲ್ಲಿ ಲೀಡ್ಕೆ ಎಂಬುವರು ಇದನ್ನು ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಮಾಡಿ ತೋರಿಸಿದರು. 1990ರಲ್ಲಿ ಪಾಲಿಡೋರಸ್ ಮತ್ತು ಕಿಮ್ ಸಿಕ್ಕ ಸಿಗ್ನಲ್ ಯಾವ ಬಗೆಯದ್ದಾಗಿರಬಹುದು ಎಂಬ ಸಂಭವನೀಯತೆಯ ಲೆಕ್ಕ ಹಾಕಿದರು. ಆ ದಾರಿ ಗಟ್ಟಿಯಾದದ್ದೇ. ಆದರೆ ಕ್ಯಾರಿಯರ್ (ಬಿಟ್‌ಗಳನ್ನು ಹೊತ್ತ ಮೂಲ ಅಲೆ), ಟೈಮಿಂಗ್ ಎಲ್ಲ ಮೊದಲೇ ಗೊತ್ತಿರಬೇಕು, ಅದು ಗೊತ್ತಿರೋದೇ ಅಪರೂಪ ಅಲ್ವಾ?

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಬಿಪಿಎಸ್‌ಕೆ ಎಂಬ ಮಾಡ್ಯುಲೇಷನ್‌ನಲ್ಲಿ ಅಲೆಯ ಫೇಸ್ (ಕೋನ) ಎರಡೇ: 0 ಮತ್ತು 180 ಡಿಗ್ರಿ. ಸಿಗ್ನಲ್ಲನ್ನು ವರ್ಗ ಮಾಡಿದರೆ ಕೋನ ದುಪ್ಪಟ್ಟಾಗುತ್ತದೆ, 180 ಹೋಗಿ 360 ಆಗುತ್ತದೆ, ಅಂದರೆ ಮತ್ತೆ 0. ಬಿಟ್‌ಗಳೆಲ್ಲ ಮಾಯ, ಕ್ಯಾರಿಯರ್‌ನ ಎರಡರಷ್ಟು ಆವರ್ತನದಲ್ಲಿ ಒಂದು ಚೂಪಾದ ಗೆರೆ ಏಳುತ್ತದೆ. ನಾಲ್ಕು ಫೇಸ್‌ಗಳಿರುವ ಕ್ಯೂಪಿಎಸ್‌ಕೆಗೆ ನಾಲ್ಕನೇ ಘಾತ ಬೇಕು. ತೊಂದರೆ ಏನೆಂದರೆ, ಘಾತ ಏರಿದಂತೆ ನಾಯ್ಸ್ ಕಾಟವೂ ಜಾಸ್ತಿ.

2000ದಲ್ಲಿ ಸ್ವಾಮಿ ಮತ್ತು ಸ್ಯಾಡ್ಲರ್ ನಾಲ್ಕನೇ ದರ್ಜೆಯ ಕ್ಯುಮುಲಂಟ್ ಹಿಡಿದರು. ಸ್ಯಾಂಪಲ್‌ಗಳು, ಅಂದರೆ ಸಿಗ್ನಲ್‌ನಿಂದ ಅಳೆದ ಬೆಲೆಗಳು, ಹೇಗೆ ಹರಡಿವೆ ಎಂದು ಹೇಳುವ ಸಂಖ್ಯೆ ಅದು. ಗಾಸಿಯನ್ ನಾಯ್ಸ್‌ಗೆ (ಗಂಟೆಯಾಕಾರದ ಹಂಚಿಕೆಯ ನಾಯ್ಸ್) ಇದರ ಬೆಲೆ ಸೊನ್ನೆ, ಹಾಗಾಗಿ ಸಾಕಷ್ಟು ಸ್ಯಾಂಪಲ್ ಇದ್ದರೆ ನಾಯ್ಸ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಬಿಪಿಎಸ್‌ಕೆಗೆ -2, ಕ್ಯೂಪಿಎಸ್‌ಕೆಗೆ -1: ಸುಲಭವಾಗಿ ಬೇರೆಯಾಗುತ್ತವೆ. ಆದರೆ ಫೇಸ್ ಜೊತೆ ಅಲೆಯ ಎತ್ತರವನ್ನೂ ಬದಲಿಸಿ 16 ಅಥವಾ 64 ಬಿಂದುಗಳನ್ನು ಬಳಸುವ ಕ್ಯೂಎಎಂ ಬಂದರೆ ಕಷ್ಟ: 16 ಕ್ಯೂಎಎಂಗೆ -0.68, 64 ಕ್ಯೂಎಎಂಗೆ ಸುಮಾರು -0.62. ಇಷ್ಟು ಸಣ್ಣ ಅಂತರ ಕಾಣಬೇಕಾದರೆ ಸಾವಿರಾರು ಸ್ಯಾಂಪಲ್ ಬೇಕು.

2016ರಲ್ಲಿ ಓಶೇ, ಕಾರ್ಗನ್, ಕ್ಲಾನ್ಸಿ ಲೆಕ್ಕ ಬಿಟ್ಟು ಕಚ್ಚಾ ಸ್ಯಾಂಪಲ್‌ಗಳನ್ನೇ ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟರು. ಅವರ ಡೇಟಾಸೆಟ್‌ನಲ್ಲಿ ಮಾಡ್ಯುಲೇಷನ್‌ನ 11 ಬಗೆಗಳು, ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್‌ನ ಬಲ -20ರಿಂದ +18 ಡೆಸಿಬೆಲ್‌ವರೆಗೆ. ನಾಯ್ಸ್ ತೀರಾ ಕಡಿಮೆ ಇದ್ದಾಗಲೂ 16 ಮತ್ತು 64 ಕ್ಯೂಎಎಂ ಗೊಂದಲ ಉಳಿಯಿತು. ನೆಟ್‌ವರ್ಕನ್ನು ದೂರಿ ಪ್ರಯೋಜನವಿಲ್ಲ. ಒಂದು ತುಣುಕಿಗೆ 128 ಸ್ಯಾಂಪಲ್, ಅದರಲ್ಲಿ ಹೆಚ್ಚೆಂದರೆ 16 ಸಿಂಬಲ್ (ಒಂದು ಸಲಕ್ಕೆ ಕಳಿಸುವ ಒಂದು ಬಿಂದು). 64 ಕ್ಯೂಎಎಂನ 64 ಬಿಂದುಗಳ ಚಿತ್ರದಲ್ಲಿ ಕಾಲು ಭಾಗವೂ ಪೂರ್ತಿ ಕಾಣದೇ ಇರಬಹುದು.

2018ರಲ್ಲಿ ಓಶೇ ತಂಡ ತುಣುಕನ್ನು 1024 ಸ್ಯಾಂಪಲ್‌ಗೆ ಹಿಗ್ಗಿಸಿ, ಬಗೆಗಳನ್ನು 24ಕ್ಕೆ ಏರಿಸಿತು. ಗಾಳಿಯಲ್ಲಿ ನಿಜವಾಗಿ ಕಳಿಸಿ ಹಿಡಿದ ಸಿಗ್ನಲ್‌ಗಳ ಮೇಲೂ ಪರೀಕ್ಷೆ ಮಾಡಿತು. ಅಲ್ಲೂ ಸಿಗ್ನಲ್ ಕುಗ್ಗಿದಾಗ ಮೊದಲು ಕೈಕೊಡುವುದು ದೊಡ್ಡ ಕ್ಯೂಎಎಂಗಳೇ.