‘ಟೇಕ್’ ಅಂದರೆ ತಗೊಳ್ಳೋದು ಅಷ್ಟೇನಾ?

ನನ್ನ ಕೆಲಸ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ. ಕಥೆ ಕಾದಂಬರಿ ಅಲ್ಲ, ಆಸ್ಪತ್ರೆ ಕಾಗದಗಳು. ಔಷಧಿ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಸಣ್ಣ ಅಕ್ಷರದ ಚೀಟಿ, ಆಪರೇಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಆಗುವಾಗ ಕೈಗೆ ಕೊಡುವ ಸೂಚನೆ, ಇಂಥವು. ಕಾಯಿಲೆಗಳ ಉದ್ದುದ್ದ ಹೆಸರುಗಳೇ ಕಷ್ಟ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವು ಸುಲಭ. ಹೈಪರ್‌ಟೆನ್ಷನ್ ಅಂದರೆ ಬಿಪಿ, ಮುಗಿಯಿತು. ನನ್ನನ್ನು ಸತಾಯಿಸುವುದು ಎಲ್‌ಕೆಜಿ ಮಗುವಿಗೂ ಗೊತ್ತಿರುವ ‘ಟೇಕ್’.

ಶುರುವಿನಲ್ಲಿ ಒಂದು ಎಡವಟ್ಟು ಮಾಡಿದ್ದೆ. ರಕ್ತ ನಿಲ್ಲದಿದ್ದರೆ ರೋಗಿಯನ್ನು ಕೂಡಲೇ ಹತ್ತಿರದ ಆಸ್ಪತ್ರೆಗೆ ‘ಟೇಕ್’ ಮಾಡಿ ಅಂತ ಮೂಲದಲ್ಲಿತ್ತು. ನಾನು ನೀಟಾಗಿ ‘ರೋಗಿಯನ್ನು ತೆಗೆದುಕೊಂಡು ಹೋಗಿ’ ಅಂತ ಬರೆದೆ. ಅದನ್ನು ಓದಿ ನೋಡಿದ ಹಿರಿಯ ನರ್ಸ್ ಒಬ್ಬರು, ‘ಏನ್ರೀ ಇದು, ರೋಗಿ ಏನು ಕೈಚೀಲಾನಾ ತಗೊಂಡು ಹೋಗೋಕೆ?’ ಅಂದರು. ಸರಿಯೇ ಅಲ್ವಾ? ಮನುಷ್ಯರನ್ನು ನಾವು ಕರೆದುಕೊಂಡು ಹೋಗುತ್ತೇವೆ, ಸಾಮಾನನ್ನು ತೆಗೆದುಕೊಂಡು ಹೋಗುತ್ತೇವೆ, ಕೂಸನ್ನು ಎತ್ತಿಕೊಂಡು, ಹುಲ್ಲಿನ ಹೊರೆಯನ್ನು ಹೊತ್ತುಕೊಂಡು, ದನಗಳನ್ನು ಹೊಡೆದುಕೊಂಡು ಹೋಗುತ್ತೇವೆ. ಇಂಗ್ಲಿಷಿನವರಿಗೆ ಇದಷ್ಟಕ್ಕೂ ಒಂದೇ ಟೇಕ್ ಸಾಕು. ಯಾರನ್ನು, ಹೇಗೆ ಅನ್ನುವುದನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ. ಅವರಲ್ಲಿ ಪಕ್ಕದ ಪದ ನೋಡಿ ನಾವೇ ತಿಳಿದುಕೊಳ್ಳಬೇಕು.

ಅಂದಿನಿಂದ ಟೇಕ್ ಕಂಡರೆ ಅದನ್ನು ಬಿಟ್ಟು ಮೊದಲು ಪಕ್ಕದ ಪದ ನೋಡುತ್ತೇನೆ. ಬಸ್ ಇದ್ದರೆ ಹತ್ತು. ಆಟೋ ಇದ್ದರೆ ಹಿಡಿ. ಫೋಟೋ ಇದ್ದರೆ ತೆಗೆ, ಸೀಟ್ ಇದ್ದರೆ ಕೂತ್ಕೊ, ಸೇಡು ಇದ್ದರೆ ತೀರಿಸಿಕೊ. ರಜೆಯನ್ನು ನಾವು ಹಾಕುತ್ತೇವೆ, ಪರೀಕ್ಷೆಯನ್ನು ಬರೆಯುತ್ತೇವೆ. ಇದೇ ಅಭ್ಯಾಸ ನಮ್ಮ ಇಂಗ್ಲಿಷಿಗೂ ನುಗ್ಗಿ ‘ಐ ಪುಟ್ ಲೀವ್’, ‘ಐ ರೋಟ್ ದಿ ಎಕ್ಸಾಮ್’ ಅಂತೆಲ್ಲ ಹೇಳುತ್ತೇವೆ. ಮೊದಲನೆಯದನ್ನು ತಿದ್ದಿಕೊಳ್ಳಿ. ಎರಡನೆಯದು ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಬೇರು ಬಿಟ್ಟಾಗಿದೆ, ಅದಕ್ಕೆ ನಾಚಿಕೊಳ್ಳುವುದು ಬೇಡ.

ಔಷಧಿಯ ವಿಷಯಕ್ಕೆ ಬಂದರೆ ಆಟ ನಡೆಯೋದಿಲ್ಲ. ‘ಮಾತ್ರೆ ತೆಗೆದುಕೊಳ್ಳಿ’ ಅಂತ ಬರೆದರೆ ತಪ್ಪೇನಿಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಮಾತ್ರೆ ಅಂದ ಕೂಡಲೇ ಜನ ನೀರು ಕುಡಿದು ನುಂಗಿಬಿಡುತ್ತಾರೆ. ಎದೆನೋವು ಬಂದಾಗ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಅಲ್ಲೇ ಕರಗಿ ಅದು ನೇರವಾಗಿ ರಕ್ತ ಸೇರುತ್ತದೆ. ನುಂಗಿದರೆ ಲಿವರ್ ದಾಟುವಷ್ಟರಲ್ಲಿ ಅದರ ಬಹುಪಾಲು ಶಕ್ತಿ ಹೋಗಿರುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಬರೀ ಟೇಕ್ ಇದ್ದರೂ ನಾನು ಔಷಧಿ ಯಾವುದು ಅಂತ ನೋಡಿ ನುಂಗಿ, ಚೀಪಿ, ಅಗಿಯಿರಿ, ನೀರಲ್ಲಿ ಕರಗಿಸಿ ಕುಡಿಯಿರಿ ಅಂತ ಬಿಡಿಸಿ ಬರೆಯುತ್ತೇನೆ. ‘ಟೇಕ್ ವಿತ್ ಫುಡ್’ ಕೂಡ ಹೀಗೇ. ‘ಊಟದೊಂದಿಗೆ ತೆಗೆದುಕೊಳ್ಳಿ’ ಅಂದರೆ ಅನ್ನದಲ್ಲಿ ಕಲಸಿಕೊಳ್ಳಬೇಕಾ ಅಂತ ಕೇಳಿದವರಿದ್ದಾರೆ. ‘ಊಟ ಮಾಡುವಾಗ ಅಥವಾ ಊಟ ಆದ ಕೂಡಲೇ ನುಂಗಿ’ ಅಂದರೆ ಆ ಪ್ರಶ್ನೆ ಬರುವುದಿಲ್ಲ.

‘ಔಷಧಿ ಸೇವಿಸಿ’ ಅಂತ ಬರೆದರೆ ಗಾಂಭೀರ್ಯ ಇರುತ್ತೆ ಅನ್ನುವವರೂ ಇದ್ದಾರೆ. ನನಗೆ ಆ ಪದ ಹಿಡಿಸೋದಿಲ್ಲ. ಪೇಪರಿನಲ್ಲಿ ಜನ ಸೇವಿಸುವುದು ಮದ್ಯ, ಇಲ್ಲವೇ ವಿಷ. ಮನೆಯಲ್ಲಿ ಯಾವ ಅಮ್ಮನೂ ಮಗನಿಗೆ ‘ಮಾತ್ರೆ ಸೇವಿಸಿದೆಯಾ’ ಅಂತ ಕೇಳೋದಿಲ್ಲ.

ಇನ್ನು ‘ತೆಗೆದುಕೊಳ್ಳು’ ಅನ್ನುವುದನ್ನೇ ಬಿಚ್ಚಿ ನೋಡಿ. ತೆಗೆ ಮತ್ತು ಕೊಳ್ಳು. ತೆಗೆ ಅಂದರೆ ಇದ್ದ ಕಡೆಯಿಂದ ಕಿತ್ತು ಈಚೆ ಮಾಡುವುದು: ಹಲ್ಲು ತೆಗೆ, ಕಸ ತೆಗೆ. ಬಾಗಿಲು ತೆಗೆ ಅಂದರೆ ಮಾತ್ರ ಕೀಳುವುದಲ್ಲ, ತೆರೆಯುವುದು, ಪುಣ್ಯ. ಕೊಳ್ಳು ಬಂದು ಸೇರಿದ ಮೇಲೆಯೇ ಅದು ನನ್ನ ಕಡೆಗೆ ತಿರುಗುವುದು. ಅದಕ್ಕೇ ಡಾಕ್ಟರು ರಕ್ತ ‘ತೆಗೆಯುತ್ತಾರೆ’, ರೋಗಿ ರಕ್ತ ‘ತೆಗೆದುಕೊಳ್ಳುತ್ತಾರೆ’. ಎರಡು ಅಕ್ಷರ ಆಚೀಚೆ ಆದರೆ ಕೊಡುವವರು ಪಡೆಯುವವರಾಗಿ ಬಿಡುತ್ತಾರೆ.

ಟೇಕ್ ಹುಟ್ಟಿನಿಂದ ಇಂಗ್ಲಿಷಿನದೇನೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ನಿಮನ್’ ಅನ್ನುವ ಪದ ಇತ್ತು, ಜರ್ಮನಿನ ‘ನೇಮೆನ್’ ಅದರ ಅಕ್ಕತಂಗಿ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು ದೋಚಿದ ವೈಕಿಂಗರ, ಅಂದರೆ ನಾರ್ವೆ, ಡೆನ್ಮಾರ್ಕ್ ಕಡೆಯ ಕಡಲುಗಳ್ಳರ, ಕಡೆಯವರು ಆಮೇಲೆ ಅಲ್ಲೇ ನೆಲೆ ನಿಂತರು, ಅವರ ‘ಟಾಕಾ’ ನಿಧಾನವಾಗಿ ನಿಮನ್‌ನ ಜಾಗಕ್ಕೆ ಬಂತು. ಇಷ್ಟು ದಿನಬಳಕೆಯ ಕ್ರಿಯಾಪದವನ್ನೇ ಹೊರಗಿನಿಂದ ತರುವುದು ಸಾಮಾನ್ಯವಾಗಿ ನಡೆಯೋದಿಲ್ಲ. ನಾವೇ ನೋಡಿ, ಅಡ್ಜಸ್ಟ್ ಬಂದರೂ ಹಿಂದೆ ನಮ್ಮ ‘ಮಾಡು’ ಇರಲೇಬೇಕು.

ಹಳೆಯ ನಿಮನ್ ಪೂರ್ತಿ ಸಾಯಲಿಲ್ಲ. ‘ನಮ್’ ಅನ್ನುವ ಪದದಲ್ಲಿ ಉಳಿದುಕೊಂಡಿದೆ, ಅದೇ ಕೈಕಾಲು ಮರಗಟ್ಟಿದಾಗ ಹೇಳುವ ಪದ. ಮೂಲದ ಅರ್ಥ ‘ಹಿಡಿಯಲ್ಪಟ್ಟ’ ಅಂತ. ನಾವೂ ‘ಜೋಮು ಹಿಡಿದಿದೆ’ ಅಂತಲೇ ಅಲ್ವಾ ಹೇಳೋದು! ಇದು ಗೊತ್ತಾದ ದಿನ ಕೆಲಸ ಬಿಟ್ಟು ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಕಡೆಯಿಂದ ರಿಸೀವ್, ಆಕ್ಸೆಪ್ಟ್, ಸೀಜ್, ಅಕ್ವೈರ್ ಎಲ್ಲ ಒಳಗೆ ಬಂದವು. ಸಮಾನಾರ್ಥಕ ಅಂತ ಪಟ್ಟಿಯಲ್ಲಿ ಒಟ್ಟಿಗೆ ಕೂತಿರುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಆಗೋದಿಲ್ಲ. ಪಾರ್ಸೆಲ್ ಕೈಗೆ ಬಂದರೆ ರಿಸೀವ್, ಬಂದದ್ದು ಬೇಕು ಅಂತ ಒಪ್ಪಿದರೆ ಆಕ್ಸೆಪ್ಟ್, ಪೊಲೀಸರು ಬಂದು ಎತ್ತಿಕೊಂಡು ಹೋದರೆ ಸೀಜ್. ನಮ್ಮಲ್ಲೂ ತಗೊ, ಪಡೆ, ಸ್ವೀಕರಿಸು ಅಂತ ಮೆಟ್ಟಿಲು ಇದೆ. ತಮಾಷೆ ಅಂದರೆ ಪೇಪರಿನವರು ಮಂತ್ರಿಯ ಪ್ರಮಾಣವಚನಕ್ಕೂ ‘ಸ್ವೀಕಾರ’ ಅನ್ನುತ್ತಾರೆ, ಲಂಚಕ್ಕೂ ‘ಸ್ವೀಕರಿಸುವಾಗ ಸಿಕ್ಕಿಬಿದ್ದರು’ ಅನ್ನುತ್ತಾರೆ. ಬೀದಿಯಲ್ಲಿ ಮಾತ್ರ ಲಂಚ ತಿನ್ನುತ್ತಾರೆ, ಅದೇ ಸರಿಯಾದ ಪದ ಅಂತ ನನ್ನ ಅಭಿಪ್ರಾಯ.

ಹೊಸ ಔಷಧಿ ಪರೀಕ್ಷೆಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಅನುವಾದಿಸಿದರೆ ಅಲ್ಲಿಗೆ ಮುಗಿಯೋದಿಲ್ಲ. ಇನ್ನೊಬ್ಬರು ಮೂಲವನ್ನು ನೋಡದೆ ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಆಮೇಲೆ ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿ ನನ್ನ ಪಜೀತಿ ಶುರು. ಇಲ್ಲಿ ‘ಟೇಕ್ ಪಾರ್ಟ್’ ಇತ್ತು, ‘ಜಾಯಿನ್’ ಯಾಕಾಯಿತು? ಸೇರಿ ಅಂತ ಬರೆದೆ ಅದಕ್ಕೆ. ‘ಟೇಕ್ ಯುವರ್ ಟೈಮ್’ ಹೋಗಿ ‘ಥಿಂಕ್ ಸ್ಲೋಲಿ’ ಯಾಕಾಯಿತು? ನಿಧಾನವಾಗಿ ಯೋಚಿಸಿ ಅಂತ ಬರೆದೆ ಅದಕ್ಕೆ. ಪ್ರತಿಯೊಂದಕ್ಕೂ ಎಕ್ಸೆಲ್ ಶೀಟಿನಲ್ಲಿ ಕಾರಣ ಬರೆಯಬೇಕು. ಮೊನ್ನೆ ಒಂದೇ ಪತ್ರಕ್ಕೆ ಇಂಥ ಒಂಬತ್ತು ಪ್ರಶ್ನೆ ಬಂದವು. ಎಂಟಕ್ಕೆ ಸ್ವಲ್ಪ ಜಂಬದಿಂದಲೇ ಉತ್ತರ ಬರೆದೆ. ಒಂಬತ್ತನೆಯದಕ್ಕೆ ‘ಕ್ಷಮಿಸಿ, ತಿದ್ದಿದ್ದೇನೆ’ ಅಂತಷ್ಟೇ ಬರೆಯಬೇಕಾಯಿತು. ‘ಟೇಕ್ ಟು ಪಫ್ಸ್’ ಇದ್ದಲ್ಲಿ, ಮಾತ್ರೆಯ ಗುಂಗಿನಲ್ಲೇ, ಇನ್ಹೇಲರನ್ನು ಎರಡು ಸಲ ನುಂಗಿ ಅಂತ ಬರೆದಿದ್ದೆ.