ಬಸುರಿ ಪರಂಗಿ ಹಣ್ಣು ತಿನ್ನಬಾರದೆ?

ಪ್ರಶ್ನೆ: ನನಗೆ ಈಗ ಎರಡು ತಿಂಗಳು ತುಂಬಿದೆ. ಬಸಿರೆಂದು ತಿಳಿಯುವುದಕ್ಕೆ ಮೊದಲು ಹಿತ್ತಲಿನ ಗಿಡದ ಪರಂಗಿ ಹಣ್ಣನ್ನು ನಾಲ್ಕೈದು ದಿನ ತಿಂದಿದ್ದೆ. ಅದು ತಿಳಿದಂದಿನಿಂದ ನಮ್ಮ ಅತ್ತೆಯವರಿಗೆ ನೆಮ್ಮದಿಯಿಲ್ಲ. ಗಿಡವನ್ನೇ ಕಡಿಸುತ್ತೇನೆ ಎನ್ನುತ್ತಿದ್ದಾರೆ. ಪರಂಗಿ ತಿಂದರೆ ಗರ್ಭ ಇಳಿಯುತ್ತದೆ ಎನ್ನುವುದು ನಿಜವೇ?
— ಹೊಳೆನರಸೀಪುರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಆತಂಕದ ವಿಷಯ. ಬಲಿತು ಚೆನ್ನಾಗಿ ಮಾಗಿದ ಪರಂಗಿ ಹಣ್ಣನ್ನು, ಮನೆಯಲ್ಲಿ ಎಲ್ಲರೂ ತಿನ್ನುವಷ್ಟು ಪ್ರಮಾಣದಲ್ಲಿ ತಿಂದರೆ ಗರ್ಭ ಇಳಿಯುತ್ತದೆ ಎನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಅದೇ ಗಿಡದ ಹಸಿರು ಕಾಯಿ, ದೋರೆಗಾಯಿ, ಅವುಗಳಿಂದ ಒಸರುವ ಹಾಲು ಇವುಗಳ ಮಾತು ಬೇರೆ. ಅವನ್ನು ಹೆರಿಗೆಯಾಗುವವರೆಗೆ ದೂರವಿಡುವುದೇ ಸರಿ. ನಿಮ್ಮ ಅತ್ತೆಯವರ ಭಯಕ್ಕೆ ಬುಡವೇ ಇಲ್ಲವೆಂದು ನಾನು ಹೇಳಲಾರೆ. ಕಾಯಿಯ ಮೇಲಿನ ಅಪವಾದ ಹಣ್ಣಿನ ತಲೆಗೂ ಬಂದಿದೆ, ಅಷ್ಟೆ.

ನಾನು ವೈದ್ಯನಲ್ಲ, ಹಾಸನದಲ್ಲಿ ಬಹಳ ವರ್ಷ ಸಸ್ಯಶಾಸ್ತ್ರದ ಪಾಠ ಹೇಳಿದವನು. ಪರಂಗಿಯ ಪಾಠ ಬಂದಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುತ್ತಿದ್ದುದು ಇದೇ ಪ್ರಶ್ನೆಯನ್ನು. ಹಾಗಾಗಿ ಉತ್ತರವನ್ನು ಗಿಡದಿಂದಲೇ ಆರಂಭಿಸುತ್ತೇನೆ.

ಪರಂಗಿ ಎಂಬ ಹೆಸರೇ ಹೇಳುವಂತೆ ಇದು ಫರಂಗಿಯವರ ಜೊತೆಗೆ ಬಂದ ಗಿಡ. ಇದರ ತವರು ಮಧ್ಯ ಅಮೆರಿಕ ಮತ್ತು ದಕ್ಷಿಣ ಮೆಕ್ಸಿಕೊದ ಸೀಮೆ. ಸ್ಪೇನ್ ಮತ್ತು ಪೋರ್ಚುಗಲ್‌ನವರ ಹಡಗುಗಳಲ್ಲಿ ಏಷ್ಯಾಕ್ಕೆ ಬಂದದ್ದು 16ನೆಯ ಶತಮಾನದಲ್ಲಿ. ಚರಕ, ಸುಶ್ರುತ ಸಂಹಿತೆಗಳು ರಚಿತವಾದ ಕಾಲಕ್ಕೆ ಈ ಗಿಡ ನಮ್ಮ ನೆಲದಲ್ಲಿ ಇರಲೇ ಇಲ್ಲವಾದ್ದರಿಂದ, ಬಸುರಿಗೆ ಪರಂಗಿ ಕೂಡದೆಂದು ಆ ಗ್ರಂಥಗಳಲ್ಲಿ ಹೇಳಿದೆ ಎನ್ನುವ ವಾದ ನಿಲ್ಲುವುದಿಲ್ಲ. ಗಿಡ ಬಂದ ಮೇಲೆ ಅದರ ಹಾಲು ಕೈಗೆ ತಾಗಿ, ತುರಿಸಿ, ಬಟ್ಟೆಗೆ ಕಲೆಯಾಗಿ, ಮಾಂಸವನ್ನು ಮೆತ್ತಗೆ ಮಾಡುವುದನ್ನು ಕಂಡ ಜನ ಇದು ಉಷ್ಣ ಪದಾರ್ಥವೆಂದು ತೀರ್ಮಾನಿಸಿರಬೇಕು ಎಂಬುದು ನನ್ನ ಊಹೆ.

ಆ ಹಾಲನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಬೆಳಗಿನ ತಂಪಿನಲ್ಲಿ ಹಸಿರು ಕಾಯಿಯ ಮೈಮೇಲೆ ಬ್ಲೇಡಿನಿಂದ ಕೂದಲೆಳೆಯಷ್ಟು ಆಳಕ್ಕೆ ಒಂದು ಗೀರು ಎಳೆದರೆ, ಗೀರಿನ ಉದ್ದಕ್ಕೂ ಮೊದಲು ಬಿಳಿಯ ಚುಕ್ಕೆಗಳು ಮೂಡುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು ಧಾರೆಯಾಗಿ ಇಳಿದು, ಕಾಯಿಯ ತುದಿಯಲ್ಲಿ ತೊಟ್ಟಿಕ್ಕಿ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ ಒಡೆದ ಮೊಸರಿನ ಹಾಗೆ ಅಲ್ಲಿಯೇ ಅಂಟಿಕೊಳ್ಳುತ್ತವೆ. ಕಾಯಿಯ ಸಿಪ್ಪೆಯ ಕೆಳಗೆ ಹಾಲು ತುಂಬಿದ ಸೂಕ್ಷ್ಮ ನಾಳಗಳ ಜಾಲವಿದೆ. ಆ ಹಾಲಿನಲ್ಲಿ ಪಪೈನ್, ಕೈಮೊಪಪೈನ್ ಮೊದಲಾದ, ಪ್ರೋಟೀನನ್ನು ತುಂಡರಿಸುವ ಕಿಣ್ವಗಳು ಇವೆ. ನಮ್ಮ ಕಡೆ ಮಟನ್ ಬೇಗ ಬೇಯಲೆಂದು ಪರಂಗಿ ಕಾಯಿಯ ಒಂದು ಹೋಳನ್ನು ಪಾತ್ರೆಗೆ ಹಾಕುವುದು ಇದೇ ಕಾರಣಕ್ಕೆ.

ಗಿಡ ಈ ಹಾಲನ್ನು ಇಟ್ಟುಕೊಂಡಿರುವುದು ತನ್ನ ರಕ್ಷಣೆಗೆ. 2004ರಲ್ಲಿ ಜಪಾನಿನ ಸಂಶೋಧಕರು ಕಂಬಳಿಹುಳುಗಳಿಗೆ ಪರಂಗಿ ಎಲೆ ತಿನ್ನಿಸಿದಾಗ ಅವು ಬದುಕಲಿಲ್ಲ. ಎಲೆಯನ್ನು ಸಣ್ಣಗೆ ಹೆಚ್ಚಿ ಹಾಲನ್ನು ತೊಳೆದು ಕೊಟ್ಟಾಗ ಅದೇ ಎಲೆಯ ವಿಷ ಇಲ್ಲವಾಗಿತ್ತು. ಕಾಯಿಯ ಲೆಕ್ಕಾಚಾರವೂ ಇದೇ. ಒಳಗಿನ ಬೀಜ ಬಲಿಯುವ ಮೊದಲೇ ಯಾವುದಾದರೂ ಪ್ರಾಣಿ ಕಾಯಿಯನ್ನು ತಿಂದರೆ ಗಿಡಕ್ಕೆ ನಷ್ಟ, ಆದುದರಿಂದ ಅಲ್ಲಿಯವರೆಗೆ ಸಿಪ್ಪೆಯ ತುಂಬ ಹಾಲು. ಬೀಜ ಬಲಿತ ಮೇಲೆ ಹಕ್ಕಿಯೋ ಬಾವಲಿಯೋ ಹಣ್ಣನ್ನು ತಿಂದು ಬೀಜವನ್ನು ದೂರ ಒಯ್ಯಬೇಕಾದ್ದರಿಂದ ಹಾಲು ಇಳಿಯುತ್ತ ಹೋಗಿ ಸಿಹಿ, ಬಣ್ಣ, ಪರಿಮಳ ತುಂಬಿಕೊಳ್ಳುತ್ತವೆ. ಕಾಯಿ, ದೋರೆ, ಹಣ್ಣು ಎಂದು ಕನ್ನಡ ಮೂರು ಹಂತಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದರೂ, ಬಸುರಿಯ ಪಥ್ಯದ ಪಟ್ಟಿಯಲ್ಲಿ ಮಾತ್ರ ಎಲ್ಲವೂ ಸೇರಿ ಬರಿಯ ‘ಪರಂಗಿ’ ಆಗಿಬಿಟ್ಟಿರುವುದು ವಿಚಿತ್ರ.

ಈ ಭೇದವನ್ನು ಪ್ರಯೋಗದಲ್ಲಿ ನೇರವಾಗಿ ಪರೀಕ್ಷಿಸಿದವರು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು. ಏಷ್ಯಾದ ಹಲವೆಡೆ ಇರುವ ಇದೇ ನಂಬಿಕೆಯನ್ನು ಒರೆಗೆ ಹಚ್ಚಲೆಂದೇ ಅವರು ಕೈಗೊಂಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗಬ್ಬದ ಇಲಿಗಳ ಒಂದು ಗುಂಪಿಗೆ ನೀರಿನ ಜೊತೆ ಮಾಗಿದ ಪರಂಗಿಯ ರಸವನ್ನು ಸಮಪಾಲಾಗಿ ಬೆರೆಸಿ ಕುಡಿಯಲು ಇಟ್ಟರು, ಇನ್ನೊಂದು ಗುಂಪಿಗೆ ಬರಿಯ ನೀರು. ಗರ್ಭಕೋಶದಲ್ಲಿ ನೆಲೆಗೊಂಡ ಭ್ರೂಣಗಳ ಸಂಖ್ಯೆಯಲ್ಲಾಗಲಿ, ಅವುಗಳಲ್ಲಿ ಬದುಕಿದ್ದ ಮರಿಗಳ ಸಂಖ್ಯೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಎಣಿಸುವಂಥ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಇಲಿಯ ಗರ್ಭಕೋಶವನ್ನು ದೇಹದಿಂದ ಬೇರ್ಪಡಿಸಿ, ಜೀವಂತವಾಗಿಡುವ ದ್ರವದಲ್ಲಿ ತೂಗಿಬಿಟ್ಟು, ಅದಕ್ಕೆ ಮಾಗಿದ ಹಣ್ಣಿನ ರಸವನ್ನೂ ಕಾಯಿಯ ಹಾಲನ್ನೂ ಬೇರೆ ಬೇರೆಯಾಗಿ ಸೇರಿಸಿ ನೋಡಿದರು. ಹಣ್ಣಿನ ರಸಕ್ಕೆ ಗರ್ಭಕೋಶದ ಸ್ನಾಯು ಸಂಕೋಚಿಸಲಿಲ್ಲ. ಹಾಲಿಗೆ ಮಾತ್ರ ಬಲವಾಗಿ ಸಂಕೋಚಿಸಿತು, ಅದೂ ಆಕ್ಸಿಟೋಸಿನ್ ಮತ್ತು ಪ್ರೋಸ್ಟಗ್ಲಾಂಡಿನ್‌ಗಳಿಗೆ ಹೋಲಿಸಬಹುದಾದ ಮಟ್ಟದಲ್ಲಿ. ಆಕ್ಸಿಟೋಸಿನ್ ಎಂದರೆ ಆಸ್ಪತ್ರೆಯಲ್ಲಿ ಹೆರಿಗೆ ನೋವು ಬರಿಸಲು ಡ್ರಿಪ್ಪಿನಲ್ಲಿ ಕೊಡುವ ಔಷಧ; ಪ್ರೋಸ್ಟಗ್ಲಾಂಡಿನ್ ಕೂಡ ಗರ್ಭಕೋಶವನ್ನು ಸಂಕೋಚಿಸುವಂಥದ್ದೇ. ದಿನ ತುಂಬುತ್ತಿದ್ದ ಇಲಿಗಳ ಗರ್ಭಕೋಶವಂತೂ ಹಾಲು ಸೋಕಿದಾಗ ಬಿಗಿದು ನಿಂತಿತು.

ಇದು ಇಲಿಗಳ ಮೇಲಿನ ಪ್ರಯೋಗ ಎಂಬುದನ್ನು ಮರೆಯುವಂತಿಲ್ಲ. ಬಟ್ಟಲಿನ ದ್ರವದಲ್ಲಿ ನೇರವಾಗಿ ಸ್ನಾಯುವಿಗೆ ಸೋಕಿದ ಹಾಲಿಗೂ, ಬಾಯಿಯಿಂದ ಒಳಹೋಗಿ ಜಠರದಲ್ಲಿ ಜೀರ್ಣವಾಗುವ ಕಾಯಿಗೂ ವ್ಯತ್ಯಾಸವಿದೆ. ಬಸುರಿಯರಿಗೆ ಕಾಯಿಯ ಹಾಲು ಕುಡಿಸಿ ಏನಾಗುತ್ತದೆಂದು ನೋಡುವ ಪ್ರಯೋಗವನ್ನು ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದ್ದರಿಂದ ಹಣ್ಣಿಗೆ ಸಡಿಲಿಕೆ, ಕಾಯಿಗೆ ಕಟ್ಟುನಿಟ್ಟು ಎಂಬ ನಿಲುವೇ ವಿವೇಕದ್ದು.

ಬೇಯಿಸಿದ ಕಾಯಿ ಹೇಗೆ ಎಂದು ನೀವು ಮುಂದೆ ಕೇಳಬಹುದು. ಕುದಿಸಿದಾಗ ಕಿಣ್ವಗಳ ಶಕ್ತಿ ಕುಗ್ಗುತ್ತದೆ. ಆದರೆ ಪಪೈನ್ ಬೇರೆ ಅನೇಕ ಕಿಣ್ವಗಳಿಗಿಂತ ಹೆಚ್ಚು ಬಿಸಿಯನ್ನು ತಡೆದುಕೊಳ್ಳುವಂಥದ್ದು, ಮನೆಯ ಒಲೆಯ ಮೇಲೆ ಪಲ್ಯ ಎಷ್ಟು ಬೆಂದಿತೆಂದು ಅಳೆಯುವವರಿಲ್ಲ. ಒಂಬತ್ತು ತಿಂಗಳು ಸೋರೆಕಾಯಿ ಪಲ್ಯದಲ್ಲಿ ಕಾಲ ಹಾಕಿದರೆ ನಷ್ಟವೇನೂ ಇಲ್ಲ. ನಡುವೆ ಒಂದು ಮಾತು: ಅಯ್ಯಂಗಾರ್ ಬೇಕರಿಯ ಬನ್ನು, ದಿಲ್‌ಪಸಂದ್‌ಗಳಲ್ಲಿ ಕಾಣುವ ಕೆಂಪು ಹಸಿರು ಟೂಟಿ ಫ್ರೂಟಿ ಚೂರುಗಳು ಸಾಮಾನ್ಯವಾಗಿ ಪರಂಗಿ ಕಾಯಿಯವೇ. ನೀರಿನಲ್ಲಿ ಕುದಿಸಿ, ಬಸಿದು, ಸಕ್ಕರೆ ಪಾಕದಲ್ಲಿ ನೆನೆಹಾಕಿದ ಆ ಚೂರುಗಳಲ್ಲಿ ಹಾಲಿನ ಅಂಶ ಉಳಿಯುವುದು ಕಷ್ಟ, ಹೆದರಬೇಕಾಗಿಲ್ಲ. ಆದರೂ ಪರಂಗಿಯ ಹೆಸರೆತ್ತಿದರೆ ಬೆಚ್ಚುವ ಮನೆಗಳಲ್ಲೇ ಬಸುರಿಯ ಬಾಯಿಚಪಲಕ್ಕೆಂದು ಬೇಕರಿಯ ಪೊಟ್ಟಣ ಬರುವುದನ್ನು ಕಂಡು ನನಗೆ ನಗು ಬಂದದ್ದುಂಟು.

ಇಷ್ಟಾದರೂ ‘ನಮ್ಮ ಓರಗಿತ್ತಿ ತಿಂದಳು, ಮರುವಾರವೇ ಗರ್ಭ ಇಳಿಯಿತು’ ಎನ್ನುವವರು ಊರೂರಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಖಚಿತವಾಗಿ ಗೊತ್ತಾದ ಗರ್ಭಗಳಲ್ಲಿಯೇ ನೂರಕ್ಕೆ 10ರಿಂದ 20ರಷ್ಟು ತಾವಾಗಿಯೇ ನಿಂತುಹೋಗುತ್ತವೆ. ಅದರಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಆ ಆರಂಭದ ನಷ್ಟಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆಯಲ್ಲಿ ಆದ ಏರುಪೇರು. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಅಥವಾ ಅವು ಕೂಡಿದ ಮೊದಲ ದಿನಗಳಲ್ಲಿ ಆಗುವ ಈ ಏರುಪೇರಿಗೂ ತಾಯಿ ಆ ವಾರ ಏನು ತಿಂದಳೆಂಬುದಕ್ಕೂ ಸಂಬಂಧವಿಲ್ಲ. ಗರ್ಭ ಇಳಿದ ಮೇಲೆ ಮನೆಯವರು ಕೂತು ಹಿಂದಿನ ದಿನಗಳ ಊಟವನ್ನೆಲ್ಲ ನೆನೆಯುತ್ತಾರೆ. ಪಟ್ಟಿಯಲ್ಲಿ ಅನ್ನ, ಸಾರು, ಮುದ್ದೆ ಇದ್ದರೂ ಕಣ್ಣು ಬೀಳುವುದು ಪರಂಗಿಯ ಮೇಲೆಯೇ. ಹಣ್ಣಿನ ಮೇಲೆ ಬಿದ್ದ ಕಣ್ಣು ಮರುಗಳಿಗೆಯಲ್ಲಿ ಅದನ್ನು ತಿಂದವಳ ಮೇಲೆ ಬೀಳುತ್ತದೆ. ಮೊದಲೇ ನೊಂದ ಹೆಣ್ಣುಮಗಳು ‘ನೀನೇ ತಿಂದು ಕಳೆದುಕೊಂಡೆ’ ಎಂಬ ಮಾತನ್ನು ವರ್ಷಗಟ್ಟಲೆ ಹೊತ್ತು ತಿರುಗುವುದನ್ನು ನಾನು ನಮ್ಮ ನಂಟರಲ್ಲಿಯೇ ನೋಡಿದ್ದೇನೆ. ಈ ಪ್ರಶ್ನೆಗೆ ಇಷ್ಟು ಉದ್ದದ ಉತ್ತರ ಬರೆಯಲು ನಿಜವಾದ ಕಾರಣ ಅದು.

ವಿಪರ್ಯಾಸವೆಂದರೆ, ವರ್ಣತಂತುಗಳ ಕಾರಣದಿಂದ ಭ್ರೂಣ ನಿಲ್ಲದಿರುವುದು ಪರಂಗಿಯ ಬೀಜದೊಳಗೂ ನಡೆಯುತ್ತದೆ. ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ, ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುವ ದ್ವಿಲಿಂಗಿ ಗಿಡ ಎಂದು ಮೂರು ಬಗೆ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು. ಗಂಡಿಗೆ ಒಂದು ಎಕ್ಸ್, ಒಂದು ವೈ. ದ್ವಿಲಿಂಗಿಗೆ ಒಂದು ಎಕ್ಸ್ ಮತ್ತು ವೈ ವರ್ಣತಂತುವಿನ ಬೇರೊಂದು ರೂಪ. ದ್ವಿಲಿಂಗಿ ಗಿಡದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಿದಾಗ, ಲೆಕ್ಕದ ಪ್ರಕಾರ ನಾಲ್ಕು ಭ್ರೂಣಗಳಲ್ಲಿ ಒಂದಕ್ಕೆ ಎಕ್ಸ್ ಇಲ್ಲದೆ ಎರಡೂ ವೈ ಬರುತ್ತವೆ. ಆ ಭ್ರೂಣ ಬದುಕುವುದಿಲ್ಲ. ಉಳಿದ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಿಂದ ಬಂದ ಕೂರ್ಗ್ ಹನಿಡ್ಯೂ, ಈಗ ತೋಟಗಳಲ್ಲಿ ಹೆಚ್ಚಾಗಿ ಕಾಣುವ ತೈವಾನಿನ ರೆಡ್ ಲೇಡಿ ಇವೆರಡರಲ್ಲೂ ಗಂಡು ಗಿಡ ಹುಟ್ಟದಿರುವುದು ಇಂಥ ಲೆಕ್ಕದಿಂದಲೇ. ಪರಂಗಿಯ ಲಿಂಗ ನಿರ್ಣಯಕ್ಕೆ ಈ ಬಗೆಯ ವಿವರಣೆಯನ್ನು ಹಾಫ್‌ಮೇಯರ್ ಮತ್ತು ಸ್ಟೋರಿ ಎಂಬ ವಿಜ್ಞಾನಿಗಳು 1938ರಲ್ಲಿ ಬೇರೆ ಬೇರೆಯಾಗಿಯೇ ಮುಂದಿಟ್ಟರು; 2008ರಲ್ಲಿ ಈ ಗಿಡದ ಇಡೀ ಜೀನೋಮಿನ, ಅಂದರೆ ಅದರ ಎಲ್ಲ ಆನುವಂಶಿಕ ಮಾಹಿತಿಯ, ಕರಡು ಪ್ರಕಟವಾಯಿತು.

ಪರಂಗಿಯನ್ನು ಔಷಧವಾಗಿ ಬಳಸುವ ಸಂಶೋಧನೆಗಳೂ ಇವೆ. ಹಾಲಿನ ಕೈಮೊಪಪೈನನ್ನು ಶುದ್ಧೀಕರಿಸಿ, ಬೆನ್ನುಮೂಳೆಯ ನಡುವೆ ಜರುಗಿದ ಡಿಸ್ಕಿಗೆ ಚುಚ್ಚಿ ಕರಗಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ಸಿಕ್ಕಿತ್ತು. ಕೆಲವರಲ್ಲಿ ಪ್ರಾಣಕ್ಕೇ ಅಪಾಯ ತರುವ ಅಲರ್ಜಿ ಕಾಣಿಸಿಕೊಂಡಿತು, 2003ರ ಹೊತ್ತಿಗೆ ಅಲ್ಲಿ ಅದರ ಮಾರಾಟ ನಿಂತಿತು. ಡೆಂಗಿ ಬಂದವರಿಗೆ ಎಲೆಯ ರಸ ಕುಡಿಸುವುದು ಈಗ ನಮ್ಮಲ್ಲೂ ಮನೆಮಾತು. ಪ್ಲೇಟ್‌ಲೆಟ್ ಸಂಖ್ಯೆ ಏರಿದ್ದನ್ನು ಮಲೇಷ್ಯಾದ 2013ರ ಅಧ್ಯಯನವೊಂದು ವರದಿ ಮಾಡಿದ್ದರೂ ಡೆಂಗಿಯಲ್ಲಿ ಜೀವ ಉಳಿಸುವುದು ಸಮಯಕ್ಕೆ ಸರಿಯಾಗಿ ಕೊಡುವ ದ್ರವ ಮತ್ತು ವೈದ್ಯರ ನಿಗಾ. ಬಸುರಿಗೆ ಜ್ವರ ಬಂದರೆ ಎಲೆ ಅರೆಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೀಜದ ಕಥೆ ಇನ್ನೂ ಸ್ವಾರಸ್ಯದ್ದು. ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದ ಸಂಶೋಧಕರು ಪರಂಗಿ ಬೀಜದಿಂದ ತೆಗೆದ ಸಾರವನ್ನು ಗಂಡು ಮುಸುವಗಳಿಗೆ ತಿಂಗಳುಗಟ್ಟಲೆ ಕೊಟ್ಟಾಗ ಅವುಗಳ ವೀರ್ಯಾಣುಗಳು ಇಲ್ಲವಾದವು. ಕೊಡುವುದನ್ನು ನಿಲ್ಲಿಸಿದ ಮೇಲೆ ಮತ್ತೆ ಮೊದಲಿನಂತಾದವು. ಗಂಡಸರ ಗರ್ಭನಿರೋಧಕವಾಗಬಹುದೆಂಬ ಆಸೆಯಿಂದ ನಡೆದ ಆ ಕೆಲಸ ಮಾತ್ರೆಯ ರೂಪದಲ್ಲಿ ಇನ್ನೂ ಅಂಗಡಿಗೆ ಬಂದಿಲ್ಲ. ಪ್ರಯೋಗಾಲಯದ ಸಾರಕ್ಕೂ ಹಣ್ಣಿನ ಜೊತೆ ಅಪ್ಪಿತಪ್ಪಿ ನುಂಗಿದ ಎರಡು ಬೀಜಕ್ಕೂ ಹೋಲಿಕೆಯಿಲ್ಲವಾದರೂ, ಬಸುರಿ ಬೀಜವನ್ನು ಬೇಕೆಂದು ತಿನ್ನಬಾರದು. ಒಣಗಿದ ಪರಂಗಿ ಬೀಜ ಕಾಳುಮೆಣಸಿನ ಕಲಬೆರಕೆಯಾಗಿ ಅಡುಗೆಮನೆ ಸೇರುವುದೂ ಉಂಟು. ಸಕಲೇಶಪುರ, ಮೂಡಿಗೆರೆಯ ಕಡೆಯ ನಂಟರಿದ್ದರೆ ಮೆಣಸನ್ನು ತೋಟದಿಂದಲೇ ತರಿಸಿಕೊಳ್ಳಿ.

ಇನ್ನು ನಿಮ್ಮ ಗಿಡದ ಸಂಗತಿ. ಮಾಗಿದ ಹಣ್ಣಿನ 100 ಗ್ರಾಂನಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವ, ಒಂದಿಷ್ಟು ಫೋಲೇಟ್, ನಾರು ಇವೆ. ಸಿ ಜೀವಸತ್ವವು ಊಟದಲ್ಲಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ, ನಾರು ಮಲಬದ್ಧತೆಗೆ ಒಳ್ಳೆಯದು. ಹಾಗೆಂದು ಆಶಾ ಕಾರ್ಯಕರ್ತೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಗೆ ಇದು ಬದಲಿ ಅಲ್ಲ. ಸಿಪ್ಪೆಯೆಲ್ಲ ಹಳದಿಯಾಗಿ, ಬೆರಳಿಗೆ ಮೆತ್ತಗೆ ಸಿಕ್ಕಿ, ತೊಟ್ಟಿನ ಹತ್ತಿರ ಕೊಯ್ದರೂ ಹಾಲು ಕಾಣದ ಹಣ್ಣಾದರೆ ಒಂದೆರಡು ಹೋಳು ತಿನ್ನಬಹುದು. ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ ಇದ್ದರೆ ಎಷ್ಟೆಂದು ವೈದ್ಯರನ್ನು ಕೇಳಿ, ರಬ್ಬರ್ ಕೈಗವಸಿನಿಂದ ಮೈ ತುರಿಸುವವರು ತಿನ್ನಲೇಬೇಡಿ. ಮನಸ್ಸಿನಲ್ಲಿ ಅಳುಕು ಉಳಿಯುವುದಾದರೆ ಬಿಟ್ಟುಬಿಡಿ, ಸೀಬೆ, ಕಿತ್ತಳೆ, ನೆಲ್ಲಿಕಾಯಿಗಳಲ್ಲೂ ಸಿ ಜೀವಸತ್ವವಿದೆ. ಹೊಟ್ಟೆನೋವು, ರಕ್ತ ಕಾಣಿಸಿಕೊಳ್ಳುವುದು ಏನೇ ಆದರೂ ಯಾವ ಹಣ್ಣಿನಿಂದ ಎಂಬ ಚರ್ಚೆಯನ್ನು ಬದಿಗಿಟ್ಟು ತಾಯಿ ಕಾರ್ಡು ಹಿಡಿದು ಆಸ್ಪತ್ರೆಗೆ ಹೊರಡಿ.

ಗಿಡವನ್ನು ಕಡಿಸಬೇಕಾಗಿಲ್ಲವೆಂದು ಅತ್ತೆಯವರಿಗೆ ಹೇಳಿ, ಬೇಕಾದರೆ ಈ ಬರಹವನ್ನು ಓದಿ ಹೇಳಿ. ಕಾಯಿ ಕೀಳುವುದನ್ನೂ ಹೆಚ್ಚುವುದನ್ನೂ ಮಾತ್ರ ಈ ಕೆಲವು ತಿಂಗಳು ಬೇರೆಯವರಿಗೆ ಬಿಡಿ. ಕೀಳುವವರು ಹಳೆಯ ಬಟ್ಟೆ ಉಟ್ಟುಕೊಳ್ಳಲಿ, ತೊಟ್ಟಿನಿಂದ ಸೋರುವ ಹಾಲಿನ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.